ಗಾಳಿ ಸೋಕಿದ ವ್ಯಾನು

ಕೆಟ್ಟ ಗಾಡಿಯನ್ನು ರಿಪೇರಿ ಮಾಡಿಸುವುದು ಲೋಕರೂಢಿ. ಓಡುತ್ತಿದ್ದ ಗಾಡಿ ರಿಪೇರಿಯಾದ ಮೇಲೆ ಕೆಟ್ಟು ನಿಲ್ಲುವುದೂ ಅಷ್ಟೇ ಹಳೆಯ ರೂಢಿ ಎಂಬುದು ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತು. 1990ರ ದಶಕದ ಕೊನೆಯ ವರ್ಷಗಳಲ್ಲಿ, ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಮೈಸೂರಿನ ಮಂಡಿ ಮೊಹಲ್ಲಾದ ಗಲ್ಲಿಯೊಂದರಲ್ಲಿ ಹೀಗೆಯೇ ಒಂದು ವ್ಯಾನು ನಿಂತುಬಿಟ್ಟಿತು.

ಅದು ಹಳೆಯ ಮೆಟಡೋರ್. ಬಜಾಜ್ ಟೆಂಪೊ ಕಂಪನಿ ತಯಾರಿಸುತ್ತಿದ್ದ ಈ ಡೀಸೆಲ್ ವ್ಯಾನು ಒಂದು ಕಾಲಕ್ಕೆ ಎಷ್ಟು ಮನೆಮಾತಾಗಿತ್ತೆಂದರೆ, ಯಾವ ಕಂಪನಿಯ ವ್ಯಾನನ್ನಾದರೂ ಜನ ಮೆಟಡೋರ್ ಎಂದೇ ಕರೆಯುತ್ತಿದ್ದರು. ಮದುವೆ ದಿಬ್ಬಣಕ್ಕೆ ಅದೇ, ಮಾರುಕಟ್ಟೆಯ ತರಕಾರಿ ಮೂಟೆಗೆ ಅದೇ, ಶಾಲೆಯ ಮಕ್ಕಳಿಗೂ ಅದೇ. (ಆ ಕಂಪನಿಗೆ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂಬ ಹೆಸರು ಬಂತು, ಮೆಟಡೋರ್ ಅದಕ್ಕೂ ಮೊದಲೇ ತಯಾರಾಗುವುದು ನಿಂತಿತ್ತು.) ಈ ವ್ಯಾನಿನ ಯಜಮಾನನೇ ಅದರ ಡ್ರೈವರೂ ಆಗಿದ್ದ. ಬೆಳಿಗ್ಗೆ ಏಳೂವರೆಗೆ ಹೊರಟು ಅಶೋಕ ರಸ್ತೆ, ಇರ್ವಿನ್ ರಸ್ತೆಯ ಆಸುಪಾಸಿನ ಗಲ್ಲಿಗಳಲ್ಲಿ ಹದಿನಾರು ಮಕ್ಕಳನ್ನು ಹತ್ತಿಸಿಕೊಂಡು ಶಾಲೆಗೆ ಬಿಡುವುದು, ಮಧ್ಯಾಹ್ನ ಮೂರೂವರೆಗೆ ಮತ್ತೆ ಮನೆಗೆ ತಲುಪಿಸುವುದು ಅವನ ಕಾಯಕ. ವ್ಯಾನಿನ ಮೇಲೆ ಬ್ಯಾಂಕಿನ ಸಾಲವಿತ್ತು. ಮನೆಯಲ್ಲಿ ತಾಯಿ, ಹೆಂಡತಿ, ಎಸ್ಸೆಸ್ಸೆಲ್ಸಿ ಓದುವ ಮಗ.

ಆ ಸೋಮವಾರ ಮಕ್ಕಳಿಗೆ ವಾರ್ಷಿಕ ಪರೀಕ್ಷೆಯ ಮೊದಲ ದಿನ.

ಕಥೆ ಶುರುವಾದದ್ದು ಮಾತ್ರ ಎರಡು ದಿನ ಮೊದಲು. ವ್ಯಾನು ಏಕೋ ಎಳೆಯುತ್ತಿರಲಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿರಬೇಕು ಎಂದುಕೊಂಡ ಯಜಮಾನ, ಗ್ಯಾರೇಜಿನ ಖರ್ಚು ಉಳಿಸಲು ಕೆಲಸವನ್ನು ಮನೆಯ ಮುಂದೆಯೇ ಮಾಡಿ ಮುಗಿಸುವುದೆಂದು ತೀರ್ಮಾನಿಸಿದ. ಮಗನಿಗೆ ಪಾನಾ ಹಿಡಿಯುವುದೆಂದರೆ ಪ್ರಾಣ. ಶನಿವಾರ ಸಂಜೆ ಒಂದು ಚೀಟಿ ಬರೆದುಕೊಟ್ಟು ಅವನನ್ನೇ ಅಂಗಡಿಗೆ ಕಳಿಸಿದ: ಫಿಲ್ಟರ್ ಒಂದು, ತಾಮ್ರದ ವಾಷರ್ ಎಂಟು.

ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಪ್ಪ ಮಗ ಇಬ್ಬರೂ ಸೇರಿ ಹಳೆಯ ಫಿಲ್ಟರ್ ತೆಗೆದು ಹೊಸದು ಹಾಕಿದರು. ಟ್ಯಾಂಕಿನಿಂದ ಬರುವ ಪೈಪುಗಳನ್ನು ಬಿಚ್ಚಿ ತೊಳೆದರು. ಡೀಸೆಲ್‌ನಲ್ಲಿರುವ ನೀರು, ಕಸ ತಂಗಲೆಂದು ದಾರಿಯಲ್ಲಿ ಇಟ್ಟಿರುವ ಪುಟ್ಟ ಬಟ್ಟಲನ್ನು ಮಗ ತೆಗೆದು ಫಳಫಳ ಹೊಳೆಯುವಂತೆ ಉಜ್ಜಿದ. ಎಲ್ಲವನ್ನೂ ಮತ್ತೆ ಜೋಡಿಸಿದ ಮೇಲೆ ಅಪ್ಪ ಕೇಳಿದ:

“ಎಲ್ಲಾ ಕಡೆ ಹೊಸ ವಾಷರ್ ಹಾಕಿದೆಯೇನೋ?”

“ಹೂಂ ಅಪ್ಪ” ಎಂದ ಮಗ.

ಸೆಲ್ಫ್ ಹೊಡೆದರು. ವ್ಯಾನು ಸ್ಟಾರ್ಟ್ ಆಯಿತು! ಅರ್ಧ ನಿಮಿಷ ಓಡಿ, ಎರಡು ಬಾರಿ ಕೆಮ್ಮಿ, ನಿಂತಿತು. ಆಮೇಲೆ ಏಳಲಿಲ್ಲ. ಕತ್ತಲಾಗುವವರೆಗೂ ಸೆಲ್ಫ್ ಹೊಡೆದದ್ದೇ ಹೊಡೆದದ್ದು. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿಯೂ ಮಲಗಿತ್ತು.

ಸೋಮವಾರ ಏಳು ಗಂಟೆಗೆ ಗಲ್ಲಿಯ ಹುಡುಗರೆಲ್ಲ ಸೇರಿ ವ್ಯಾನನ್ನು ತಳ್ಳಿದರು. ತಿರುವಿನ ತನಕ ತಳ್ಳಿದರು, ತಿರುವಿನಿಂದ ವಾಪಸ್ಸು ತಳ್ಳಿದರು. ಬೆವರು ಬಂತು, ಹೊಗೆ ಬರಲಿಲ್ಲ. ಇಂಥ ಹೊತ್ತಿನಲ್ಲಿ ಸಲಹೆಗೆ ಬರವೇ? ಒಬ್ಬರು ಸೆಲ್ಫ್ ಹೋಗಿದೆ ಎಂದರು. ಮತ್ತೊಬ್ಬರು ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದ್ದಾರೆ ಎಂದರು. ದಾರಿಯಲ್ಲಿ ಹೋಗುತ್ತಿದ್ದ ಮೆಕ್ಯಾನಿಕ್ ಒಬ್ಬ ಬಗ್ಗಿ ನೋಡಿ, ಪಂಪು ಹೋಗಿದೆ, ಬಿಚ್ಚಿ ಸರ್ವಿಸ್‌ಗೆ ಕಳಿಸಬೇಕು, ನಾಲ್ಕು ದಿನ ಹಿಡಿಯುತ್ತದೆ, ಸಾವಿರಗಟ್ಟಲೆ ಆಗುತ್ತದೆ ಎಂದು ಹೇಳಿ ಹೋದ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮಾತ್ರ ಖಚಿತವಾಗಿ ನುಡಿದರು: “ನಿನ್ನೆ ಅಮಾವಾಸ್ಯೆ ಹತ್ತಿರ. ಗಾಡಿಗೆ ಗಾಳಿ ಸೋಕಿದೆ ಕಣಪ್ಪ. ಒಂದು ನಿಂಬೆಹಣ್ಣು ನೀವಳಿಸಿ ಹಾಕು.”

ಯಜಮಾನನಿಗೆ ನಗುವ ಸ್ಥಿತಿ ಇರಲಿಲ್ಲ. ಐದು ಆಟೊಗಳನ್ನು ಮಾಡಿ ಮಕ್ಕಳನ್ನು ಪರೀಕ್ಷೆಗೆ ಕಳಿಸಿದ್ದಾಯಿತು. ಆಟೊ ಬಾಡಿಗೆ ಅವನ ಜೇಬಿನಿಂದ. ನಾಲ್ಕು ದಿನ ಹೀಗಾದರೆ ಮಕ್ಕಳ ತಂದೆತಾಯಿಯರು ಬೇರೆ ವ್ಯಾನು ನೋಡಿಕೊಳ್ಳುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಅವರು ಮರಳಿ ಬರುತ್ತಾರೆಂಬ ನೆಚ್ಚಿಕೆ ಏನು? ಒಳಗಿದ್ದ ಸಂಕಟವೆಲ್ಲ ಮಗನ ಮೇಲೆ ಸಿಟ್ಟಾಗಿ ತಿರುಗಿತು. “ಏನು ಕೆಡಿಸಿದೆಯೋ ಹೇಳು! ಪರೀಕ್ಷೆ ತಲೆ ಮೇಲೆ ಇಟ್ಟುಕೊಂಡು ಪಾನಾ ಹಿಡಿಯೋಕೆ ಬಂದೆ. ಇನ್ನು ಗಾಡಿ ಮುಟ್ಟಿದರೆ ಕೈ ಮುರೀತೀನಿ.” ಹುಡುಗ ಗೋಡೆಗೆ ಒರಗಿ ನಿಂತಿದ್ದ. ಬಾಯಿ ಬಿಡಲಿಲ್ಲ.

ಅದೇ ಮೊಹಲ್ಲಾದ ಇನ್ನೊಂದು ಗಲ್ಲಿಯಲ್ಲಿ ಒಂದು ಗ್ಯಾರೇಜು. ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದು ಸಲಕ್ಕೆ ಒಂದೇ ಗಾಡಿ ಹಿಡಿಸುವಷ್ಟು ಜಾಗ. ಅಲ್ಲಿನ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಡೀಸೆಲ್ ಎಂಜಿನ್ನುಗಳ ಜೊತೆ ಮೂವತ್ತು ವರ್ಷ ಕಳೆದವರು. ವ್ಯಾನನ್ನು ಅಲ್ಲಿಗೆ ತಳ್ಳಿಕೊಂಡು ಬಂದಾಗ ಅವರು ಚಹಾ ಕುಡಿಯುತ್ತಿದ್ದರು. ಗಾಡಿಯತ್ತ ನೋಡುವ ಮೊದಲು ಅಪ್ಪ ಮಗ ಇಬ್ಬರ ಮುಖ ನೋಡಿದರು.

“ಯಜಮಾನ್ರೆ, ಶನಿವಾರ ಓಡ್ತಿತ್ತಾ?”

“ಓಡ್ತಿತ್ತು ಉಸ್ತಾದ್. ಸ್ವಲ್ಪ ಎಳೀತಿರಲಿಲ್ಲ ಅಷ್ಟೆ.”

“ಭಾನುವಾರ ಎಲ್ಲೆಲ್ಲಿ ಕೈ ಇಟ್ಟಿರಿ? ಮೊದಲಿಂದ ಹೇಳಿ. ಮಗಾ, ನೀನು ಹೇಳು.”

ಹುಡುಗ ಫಿಲ್ಟರ್, ಪೈಪು, ಬಟ್ಟಲು ಎಂದು ಒಂದೊಂದಾಗಿ ಹೇಳಿದ. ಉಸ್ತಾದ್ ತಲೆಯಾಡಿಸಿದರು. “ಹಾಗಾದ್ರೆ ಸೆಲ್ಫು, ವಾಲ್ವು, ನಾಜಲ್ಲು ಯಾವುದನ್ನೂ ನೋಡೋದು ಬೇಡ. ಶನಿವಾರ ಅವೆಲ್ಲ ಸರಿ ಇದ್ದವು. ಒಂದೇ ರಾತ್ರಿಯಲ್ಲಿ ಎಲ್ಲಾ ಒಟ್ಟಿಗೆ ಕೆಡಲ್ಲ. ಕೈ ಇಟ್ಟ ಕಡೆಯಿಂದ ನೋಡೋಣ.”

ಗ್ಯಾರೇಜಿನ ಬ್ಯಾಟರಿಯನ್ನು ತಂದು ಜೋಡಿಸಿದರು. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ ಎಂದು ಕಡ್ಡಿ ಇಳಿಬಿಟ್ಟು ನೋಡಿದರು. ಎಂಜಿನ್ ನಿಲ್ಲಿಸಲು ಎಳೆಯುವ ಗುಂಡಿ ಪೂರ್ತಿ ಒಳಗೆ ಹೋಗಿದೆಯೇ ಎಂದು ನೋಡಿದರು. ಆಮೇಲೆ ಹುಡುಗನನ್ನು ವ್ಯಾನಿನ ಹಿಂದೆ, ಸೈಲೆನ್ಸರ್ ಬಳಿ ನಿಲ್ಲಿಸಿ ಎಣಿಸಿ ಹತ್ತು ಸೆಕೆಂಡು ಸೆಲ್ಫ್ ಹೊಡೆಸಿದರು.

“ಹೊಗೆ ಬಂತಾ?”

“ಇಲ್ಲ ಉಸ್ತಾದ್.”

“ಬಿಳೀದು? ಒಂದು ಚೂರೂ?”

“ಏನೂ ಇಲ್ಲ.”

ಈ ಪ್ರಶ್ನೆಯ ಹಿಂದೆ ಒಂದು ತರ್ಕವಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಸಿಲಿಂಡರಿಗೆ ಹೊಕ್ಕ ಗಾಳಿಯನ್ನು ಪಿಸ್ಟನ್ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಹಾಗೆ ಅದುಮಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡದ ಮಕ್ಕಳುಂಟೇ? ಅದೇ ತತ್ವ. ಆ ಬಿಸಿಗಾಳಿಗೆ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ ತಿರುಗುತ್ತಿದ್ದೂ ಹೊತ್ತಿಕೊಳ್ಳದಿದ್ದರೆ ಎರಡು ಸಾಧ್ಯತೆ. ಡೀಸೆಲ್ ಬಂದರೂ ಬಿಸಿ ಸಾಲದೆ ಹೊತ್ತಿಕೊಳ್ಳದಿದ್ದರೆ ಅದು ಬಿಳಿಯ ಆವಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಏನೂ ಬರದಿದ್ದರೆ ಡೀಸೆಲ್ಲೇ ಒಳಗೆ ತಲುಪುತ್ತಿಲ್ಲ ಎಂದರ್ಥ. ಒಂದು ಪೈಸೆ ಖರ್ಚಿಲ್ಲದೆ, ಒಂದು ನಟ್ಟು ಬಿಚ್ಚದೆ, ಅರ್ಧ ಎಂಜಿನ್ನನ್ನು ಸಂಶಯದ ಪಟ್ಟಿಯಿಂದ ತೆಗೆದುಹಾಕಿದಂತಾಯಿತು.

ಉಸ್ತಾದ್ ಫಿಲ್ಟರಿನ ತಲೆಯ ಮೇಲಿದ್ದ ಸಣ್ಣ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿದರು. ಡೀಸೆಲ್ ಬರಲಿಲ್ಲ, ನೊರೆ ಬಂತು.

“ನೋಡಿ ಯಜಮಾನ್ರೆ. ಏರ್ ಹಿಡಿದಿದೆ.”

ಯಜಮಾನ ಹಣೆ ಚಚ್ಚಿಕೊಂಡ. “ಅಯ್ಯೋ, ಅಮ್ಮ ಬೆಳಿಗ್ಗೆ ಗಾಳಿ ಸೋಕಿದೆ ಅಂದ್ರು ಉಸ್ತಾದ್!”

“ಅಮ್ಮ ಹೇಳಿದ್ದು ಸರಿಯಾಗೇ ಇದೆ. ನಿಂಬೆಹಣ್ಣು ಬೇಡ, ಹತ್ತನೇ ನಂಬರ್ ಪಾನಾ ಸಾಕು.”

ಎಂಜಿನ್ನಿನ ಪಕ್ಕದಲ್ಲಿದ್ದ ಪಂಪಿನ ಮೈಮೇಲೆ ಮೈಕೊ ಎಂದು ಅಚ್ಚಾಗಿತ್ತು. ಜರ್ಮನಿಯ ಬಾಷ್ ಕಂಪನಿಯ ನಂಟಿನಿಂದ 1951ರಲ್ಲಿ ಹುಟ್ಟಿದ ಮೈಕೊ, ದೇಶದ ಡೀಸೆಲ್ ಗಾಡಿಗಳಿಗೆ ಇಂಧನ ಪಂಪು, ನಾಜಲ್‌ಗಳನ್ನು ಒದಗಿಸಿದ ಕಾರ್ಖಾನೆ. 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್. ಈ ಪಂಪಿನ ಒಳಗೆ ಬೆರಳಿನಷ್ಟು ಸಣ್ಣ ಕೊಂತಗಳಿರುತ್ತವೆ. ಒಂದೊಂದು ಕೊಂತವೂ ಪ್ರತಿ ಬಾರಿ ಹನಿಯಷ್ಟೇ ಡೀಸೆಲ್ಲನ್ನು ನಾಜಲ್‌ಗೆ ನೂಕುತ್ತದೆ. ನಾಜಲ್‌ನ ಬಾಗಿಲು ತೆರೆಯಲು ವಾಯುಮಂಡಲದ ನೂರು ಪಟ್ಟಿಗೂ ಮಿಗಿಲಾದ ಒತ್ತಡ ಬೇಕು. ದ್ರವವನ್ನು ಅದುಮಿದರೆ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ಒತ್ತಡ ತಟ್ಟನೆ ಏರುತ್ತದೆ, ಬಾಗಿಲು ತೆರೆಯುತ್ತದೆ. ಆದರೆ ಆ ದಾರಿಯಲ್ಲಿ ಗಾಳಿಯ ಗುಳ್ಳೆಯೊಂದು ಕುಳಿತಿದ್ದರೆ? ಕೊಂತ ನೂಕಿದಾಗ ಗುಳ್ಳೆ ಸ್ಪ್ರಿಂಗಿನಂತೆ ಕುಗ್ಗುತ್ತದೆ, ಕೊಂತ ಹಿಂದೆ ಸರಿದಾಗ ಮತ್ತೆ ಹಿಗ್ಗುತ್ತದೆ. ನೂಕಿದ ಶಕ್ತಿಯೆಲ್ಲ ಗುಳ್ಳೆಯ ಹೊಟ್ಟೆಗೆ ಹೋಗುತ್ತದೆ, ನಾಜಲ್ ತೆರೆಯುವುದೇ ಇಲ್ಲ. ಹೊರಗಿನಿಂದ ಎಷ್ಟು ಸೆಲ್ಫ್ ಹೊಡೆದರೂ, ಎಷ್ಟು ಜನ ಸೇರಿ ತಳ್ಳಿದರೂ ಅಷ್ಟೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ ಎಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ.

ಇನ್ನೂ ಒಂದು ಸ್ವಾರಸ್ಯವಿದೆ. ಈ ಎಂಜಿನ್ನನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ಅದನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದಾಗ, ಇಂಧನವನ್ನು ಸಿಲಿಂಡರಿಗೆ ಚಿಮ್ಮಿಸಲು ಬಳಸಿದ್ದು ಅದುಮಿದ ಗಾಳಿಯನ್ನೇ. ಅದಕ್ಕೆಂದೇ ಜೊತೆಗೊಂದು ಭಾರಿ ಕಂಪ್ರೆಸರ್ ಬೇಕಾಗುತ್ತಿತ್ತು. ಬಾಷ್ ಕಂಪನಿ 1927ರಲ್ಲಿ ಗಾಡಿಗಳಿಗೆ ಹೊಂದುವ ಇಂಧನ ಪಂಪನ್ನು ತಯಾರಿಸತೊಡಗಿದ ಮೇಲೆ ಡೀಸೆಲ್ ಎಂಜಿನ್ ಲಾರಿ, ವ್ಯಾನುಗಳಿಗೆ ಸುಲಭವಾಗಿ ಹೊಂದಿಕೊಂಡಿತು. ಅಂದು ಇಂಧನದ ದಾರಿಯಲ್ಲಿ ಆಳಾಗಿ ದುಡಿದ ಗಾಳಿ, ಪಂಪು ಬಂದ ಮೇಲೆ ಅದೇ ದಾರಿಗೆ ಹಗೆಯಾಯಿತು.

ಉಸ್ತಾದ್ ಹುಡುಗನನ್ನು ಹತ್ತಿರ ಕರೆದು ಪಂಪಿನ ಮೇಲಿದ್ದ ಕೈಗುಬ್ಬಿಯನ್ನು ತೋರಿಸಿದರು. “ಇದನ್ನು ಒತ್ತು, ಬಿಡು, ಒತ್ತು. ನೊರೆ ಹೋಗಿ ಎಣ್ಣೆ ಧಾರೆ ಬರೋವರೆಗೂ ನಿಲ್ಲಿಸಬೇಡ.” ಹುಡುಗ ಒತ್ತತೊಡಗಿದ. ಮೊದಲು ನೊರೆ, ಆಮೇಲೆ ದೊಡ್ಡ ಗುಳ್ಳೆಗಳು, ಆಮೇಲೆ ಚಿಕ್ಕವು, ಕೊನೆಗೆ ಗುಳ್ಳೆಯಿಲ್ಲದ ಎಣ್ಣೆ. ಸ್ಕ್ರೂ ಬಿಗಿದರು. ಪಂಪಿನ ಮೈಯಲ್ಲಿದ್ದ ಇನ್ನೊಂದು ಸ್ಕ್ರೂ ಸಡಿಲಿಸಿ ಮತ್ತೆ ಅದೇ ಕೆಲಸ. ಟ್ಯಾಂಕಿನ ಕಡೆಯಿಂದ ನಾಜಲ್ ಕಡೆಗೆ, ಒಂದೊಂದೇ ಹಂತ.

“ಉಸ್ತಾದ್, ಗಾಳಿಯನ್ನ ಅದುಮಿದರೆ ಕುಗ್ಗುತ್ತೆ, ಬಿಟ್ಟರೆ ಹಿಗ್ಗುತ್ತೆ. ಇದು ಬಾಯ್ಲನ ನಿಯಮ!” ಹುಡುಗ ತಟ್ಟನೆ ಹೇಳಿದ. ಒತ್ತಡ ಎಷ್ಟು ಪಟ್ಟು ಹೆಚ್ಚಿದರೆ ಗಾತ್ರ ಅಷ್ಟು ಪಟ್ಟು ಕಡಿಮೆಯಾಗುತ್ತದೆ ಎಂಬುದನ್ನು ಅವನು ಉರು ಹೊಡೆದಿದ್ದ. ಪುಸ್ತಕದ ಹೊರಗೆ ಅದು ಎದುರಾದದ್ದು ಇದೇ ಮೊದಲು.

“ಬಾಯ್ಲಾ? ಯಾವ ಗ್ಯಾರೇಜಿನವರು?” ಎಂದರು ಉಸ್ತಾದ್.

“ಇಂಗ್ಲೆಂಡಿನವರು. 1662ರಲ್ಲಿ ಹೇಳಿದ್ದು.”

“ಹಾಗಾದ್ರೆ ನಮಗಿಂತ ಹಳಬರು” ಎಂದು ಗಂಭೀರವಾಗಿ ನುಡಿದು ಉಸ್ತಾದ್ ನಾಜಲ್‌ಗೆ ಹೋಗುವ ಉಕ್ಕಿನ ಪೈಪುಗಳ ನಟ್ಟು ಸಡಿಲಿಸಿದರು. ಹುಡುಗ ಬಗ್ಗಿ ಬೆರಳು ಚಾಚುತ್ತಿದ್ದಂತೆ ಅವನ ಕೈಯನ್ನು ಆಚೆ ತಳ್ಳಿದರು. “ಇಲ್ಲಿ ಕೈ ಇಡಬಾರದು. ಈ ಎಣ್ಣೆ ಸೂಜಿ ಹಾಗೆ ಚರ್ಮದೊಳಗೆ ಹೋಗುತ್ತೆ. ಮೇಲೆ ಚುಕ್ಕೆ ಕಾಣುತ್ತೆ, ಒಳಗೆ ಮಾಂಸ ಕೊಳೆಯುತ್ತೆ. ಆಸ್ಪತ್ರೆಗೇ ಓಡಬೇಕು.” ಅತಿ ಒತ್ತಡದ ಈ ಭಾಗ ಪಳಗಿದವರ ಕೆಲಸ. ಮಕ್ಕಳು ಪ್ರಯೋಗ ಮಾಡಿ ನೋಡುವ ಜಾಗವಲ್ಲ.

ಪೈಪುಗಳ ಬಾಯಲ್ಲಿ ಎಣ್ಣೆ ಜಿನುಗಿದ ಮೇಲೆ ನಟ್ಟು ಬಿಗಿದು, ಬನಿಯನ್ ವೇಸ್ಟಿನಿಂದ ಒರೆಸಿ, ಸೆಲ್ಫ್ ಹೊಡೆಸಿದರು. ಎಂಜಿನ್ ಗಡಗಡ ನಡುಗಿ, ಬಿಳಿ ಹೊಗೆ ಉಗುಳಿ, ಹೊತ್ತಿಕೊಂಡಿತು. ಯಜಮಾನನ ಮುಖ ಅರಳಿತು. ಜೇಬಿಗೆ ಕೈಹಾಕಿ “ಎಷ್ಟು ಕೊಡಲಿ ಉಸ್ತಾದ್?” ಎಂದ. ಉಸ್ತಾದ್ ಉತ್ತರಿಸದೆ ಎಂಜಿನ್ನಿಗೆ ಕಿವಿಗೊಟ್ಟು ನಿಂತಿದ್ದರು.

ನಾಲ್ಕನೆಯ ನಿಮಿಷಕ್ಕೆ ಎಂಜಿನ್ ಎರಡು ಬಾರಿ ಕೆಮ್ಮಿತು. ನಿಂತಿತು.

ಅನುಭವವಿಲ್ಲದವರು ಸೋಲುವುದು ಇಲ್ಲಿಯೇ. ಮತ್ತೆ ಗಾಳಿ ತೆಗೆದರೆ ಮತ್ತೆ ನಾಲ್ಕು ನಿಮಿಷ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದಂತೆ. ಯಜಮಾನ ಕುಸಿದು ಕುಳಿತು, “ಆ ಮೆಕ್ಯಾನಿಕ್ ಹೇಳಿದ ಹಾಗೆ ಪಂಪೇ ಹೋಗಿರಬೇಕು” ಎಂದ.

“ಇರಬಹುದು. ಪಂಪಿನ ಮೇಲೆ ತಪ್ಪು ಹೊರಿಸೋ ಮೊದಲು ಪಂಪನ್ನೇ ಒಂದು ಮಾತು ಕೇಳೋಣ” ಎಂದರು ಉಸ್ತಾದ್. “ಗಾಳಿ ತೆಗೆದಿದ್ದೀವಿ. ಹೊಸ ಗಾಳಿ ಬಂತು. ಯಾವುದೋ ಬಾಗಿಲು ತೆಗೆದಿದೆ. ಯಾವ ಬಾಗಿಲು?”

ಅವರು ಮಾಡಿದ ಉಪಾಯ ಪ್ರಯೋಗಶಾಲೆಯ ಮೇಜಿನ ಮೇಲೂ ಮೆಚ್ಚುಗೆ ಪಡೆಯುವಂಥದು. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಬಾಯಿಯಿಂದ ಕಳಚಿದರು. ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ ತೂಗುಹಾಕಿ, ಅದರಿಂದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಪಂಪಿಗೆ ಜೋಡಿಸಿದರು. ಗಾಳಿ ತೆಗೆದು ಸ್ಟಾರ್ಟ್ ಮಾಡಿದರು. ಐದು ನಿಮಿಷ ಓಡಿತು. ಹತ್ತು ನಿಮಿಷ. ಕಾಲು ಗಂಟೆ. ಕೊಳವೆಯಲ್ಲಿ ಒಂದು ಗುಳ್ಳೆಯೂ ಇಲ್ಲ, ಎಂಜಿನ್ನಿನಲ್ಲಿ ಒಂದು ಕೆಮ್ಮೂ ಇಲ್ಲ.

“ಪಂಪು ಗಟ್ಟಿಮುಟ್ಟಾಗಿದೆ. ಫಿಲ್ಟರೂ ಸರಿ, ಅದರ ವಾಷರೂ ಸರಿ. ಕಳ್ಳ ಟ್ಯಾಂಕಿಗೂ ಪಂಪಿಗೂ ನಡುವೆ ಇದ್ದಾನೆ.”

“ಆದರೆ ಎಲ್ಲೂ ಒಂದು ಹನಿ ಸೋರ್ತಿಲ್ವಲ್ಲ ಉಸ್ತಾದ್! ನಾನೇ ಕೈಯಾಡಿಸಿ ನೋಡಿದೆ” ಎಂದ ಯಜಮಾನ.

ಅದೇ ಈ ಕಾಯಿಲೆಯ ಗುಟ್ಟು. ಪಂಪಿನಿಂದ ಮುಂದೆ ಇರುವ ಪೈಪುಗಳಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚು. ಅಲ್ಲಿ ಸಂದಿದ್ದರೆ ಡೀಸೆಲ್ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಪಂಪಿನಿಂದ ಹಿಂದೆ, ಟ್ಯಾಂಕಿನ ಕಡೆಗೆ ಹಾಗಲ್ಲ. ಪಂಪು ಹೀರುವಾಗ ಆ ಪೈಪಿನಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಅಲ್ಲಿ ಕೂದಲಿನಷ್ಟು ಸಂದಿದ್ದರೂ ಡೀಸೆಲ್ ಹೊರಗೆ ಬರುವ ಬದಲು ಗಾಳಿಯೇ ಒಳಗೆ ನುಗ್ಗುತ್ತದೆ. ಸ್ಟ್ರಾ ಒಡೆದಿದ್ದರೆ ಎಳನೀರು ಬಾಯಿಗೆ ಬಾರದೆ ಗಾಳಿ ಮಾತ್ರ ಬರುವುದಿಲ್ಲವೇ, ಹಾಗೆ. ಇಂಥ ಸೋರಿಕೆಗೆ ಕಲೆಯಿಲ್ಲ, ವಾಸನೆಯಿಲ್ಲ. ಮುಟ್ಟಿ ನೋಡಿದರೆ ಒಣಗಿಯೇ ಇರುತ್ತದೆ.

ಕಾಣದ ಸೋರಿಕೆಯನ್ನು ಕಾಣಿಸುವುದು ಹೇಗೆ? ಉಸ್ತಾದ್ ಗಾಳಿಯ ದಿಕ್ಕನ್ನೇ ತಿರುಗಿಸಿದರು. ಟ್ಯಾಂಕಿನ ಕಡೆಯ ತುದಿಯನ್ನೂ ಕಳಚಿ ಬಿರಡೆ ಹಾಕಿದರು. ಪಂಪಿನ ಕಡೆಯ ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಸೈಕಲ್ ಪಂಪು ಜೋಡಿಸಿದರು. ಡಬ್ಬಿಯೊಂದರಲ್ಲಿ ಸೋಪಿನ ನೀರು ಕದಡಿ, ಹಳೆಯ ಶೇವಿಂಗ್ ಬ್ರಷ್ಷು ಅದ್ದಿ, ಒಂದೊಂದೇ ಜಾಯಿಂಟಿಗೆ ಬಳಿಯತೊಡಗಿದರು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುವ ವಿದ್ಯೆಯೇ ಇದು. ಒಳಗೆ ಬರುವ ಗಾಳಿ ಕಾಣುವುದಿಲ್ಲ. ಹೊರಗೆ ಹೋಗುವ ಗಾಳಿ ಗುಳ್ಳೆಯಾಗಿ ಕಾಣುತ್ತದೆ.

ಯಜಮಾನ ಮೆಲ್ಲಗೆ ಸೈಕಲ್ ಪಂಪು ಒತ್ತುತ್ತಿದ್ದ. ಮೊದಲ ಜಾಯಿಂಟಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಬ್ರಷ್ಷು ಮೂರನೆಯದರ ಕಡೆ, ಆ ಫಳಫಳ ಹೊಳೆಯುವ ಬಟ್ಟಲಿನ ಕಡೆ ಹೊರಟಿತು.

“ಉಸ್ತಾದ್...” ಹುಡುಗನ ಗಂಟಲು ಕಟ್ಟಿತ್ತು. “ಅದು... ಅಲ್ಲಿ ನಾನು ಹಳೇ ವಾಷರ್ರೇ ಹಾಕಿದೀನಿ. ಅಂಗಡೀಲಿ ಆರೇ ಇದ್ದವು.”

ಸೈಕಲ್ ಪಂಪಿನ ಸದ್ದು ನಿಂತಿತು. ಯಜಮಾನ ಎದ್ದು ನಿಂತ. “ನಿನ್ನೆ ಕೇಳಿದಾಗ ಹೂಂ ಅಂದೆಯಲ್ಲೋ!” ಕೈ ಮೇಲೆದ್ದಿತು.

“ಯಜಮಾನ್ರೆ, ಪಂಪು ಒತ್ತಿ” ಎಂದರು ಉಸ್ತಾದ್, ತಲೆ ಎತ್ತದೆ. “ಹುಡುಗ ಹೇಳಿದ್ದು ನಿಜಾನಾ ಅಂತ ಇನ್ನೂ ಗೊತ್ತಾಗಿಲ್ಲ. ನೋಡೋಣ.”

ಯಜಮಾನ ಕೈ ಇಳಿಸಿ ಪಂಪು ಒತ್ತಿದ. ಬಟ್ಟಲಿನ ಜಾಯಿಂಟಿನ ಸುತ್ತ ಬಳಿದ ಸೋಪಿನ ನೀರಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಎದ್ದಿತು. ಅದರ ಪಕ್ಕ ಇನ್ನೊಂದು. ಆಮೇಲೆ ಸಾಲುಸಾಲು.

“ಹಾಂ. ಹುಡುಗ ಹೇಳಿದ್ದಕ್ಕೆ ಸೋಪೂ ಹೌದು ಅಂತು. ಎರಡು ಸಾಕ್ಷಿ ಆಯ್ತು” ಎಂದು ಉಸ್ತಾದ್ ಕೈ ಒರೆಸಿಕೊಂಡರು. ಆಮೇಲೆ ಯಜಮಾನನ ಕಡೆ ತಿರುಗಿ ಹೇಳಿದರು: “ಇವತ್ತು ಹೊಡೀಬೇಡಿ ಸ್ವಾಮಿ. ಇವತ್ತು ಹೊಡೆದರೆ ಮುಂದಿನ ಸಲ ಇವನು ಬಾಯಿ ಬಿಡಲ್ಲ. ಆಗ ನಾನು ಪಂಪೇ ಬಿಚ್ಚಬೇಕಾಗುತ್ತೆ. ದುಡ್ಡು ನಿಮ್ಮದೇ.”

ಬೋಲ್ಟು ಬಿಚ್ಚಿ ತೆಗೆದ ಎರಡು ವಾಷರ್‌ಗಳು ಹೊರನೋಟಕ್ಕೆ ಚೆನ್ನಾಗಿಯೇ ಇದ್ದವು. ತಾಮ್ರವನ್ನು ಇಂಥ ಜಾಗದಲ್ಲಿ ಬಳಸುವುದು ಅದು ಮೆತ್ತಗಿರುವುದರಿಂದ. ಬೋಲ್ಟು ಬಿಗಿದಾಗ ಅದು ಅಪ್ಪಚ್ಚಿಯಾಗಿ ಸಣ್ಣಪುಟ್ಟ ಗೀರುಗಳಲ್ಲೂ ತುಂಬಿಕೊಂಡು ಸಂದಿ ಮುಚ್ಚುತ್ತದೆ. ಆದರೆ ಒಮ್ಮೆ ಒತ್ತಿಸಿಕೊಂಡ ತಾಮ್ರ ಗಡುಸಾಗುತ್ತದೆ. ಅದನ್ನು ತೆಗೆದು ಮತ್ತೆ ಹಾಕಿದರೆ ಹಳೆಯ ಗುರುತುಗಳ ಮೇಲೆ ಕೂರುವುದಿಲ್ಲ, ಹೊಸ ಗುರುತಿಗೆ ಬಗ್ಗುವುದೂ ಇಲ್ಲ.

ಸೋಮವಾರವೂ ಆ ಅಳತೆಯ ವಾಷರ್ ಅಂಗಡಿಗೆ ಬಂದಿರಲಿಲ್ಲ. ಉಸ್ತಾದ್ ಎರಡೂ ವಾಷರ್‌ಗಳನ್ನು ಸೈಕಲ್ಲಿನ ಹಳೆಯ ಕಡ್ಡಿಯೊಂದಕ್ಕೆ ಪೋಣಿಸಿ, ಹುಡುಗನ ಕೈಗೆ ಕೊಟ್ಟು, ಪಕ್ಕದ ಚಹಾ ಅಂಗಡಿಗೆ ಕರೆದೊಯ್ದರು. ಭರ್ರೆಂದು ಉರಿಯುತ್ತಿದ್ದ ಪಂಪ್ ಸ್ಟೌವಿನ ಜ್ವಾಲೆಯಲ್ಲಿ ಅವು ಕೆಂಪಗೆ ಕಾದವು. ಲೋಟ ತೊಳೆಯುವ ನೀರಿಗೆ ಅದ್ದಿದಾಗ ಚುಂಯ್ ಎಂದವು.

“ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿ ಆಗಲ್ವಾ ಉಸ್ತಾದ್? ಕುಡುಗೋಲು ಹಾಗೇ ತಾನೆ ಮಾಡೋದು?”

“ಉಕ್ಕು ಗಟ್ಟಿ ಆಗುತ್ತೆ. ತಾಮ್ರ ಮೆತ್ತಗಾಗುತ್ತೆ. ಎಲ್ಲರಿಗೂ ಒಂದೇ ಔಷಧಿ ಅಲ್ಲ ಮಗಾ.”

ಕಾದಾಗ ಕೂತ ಕಪ್ಪನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ವಾಷರ್‌ಗಳನ್ನು ಹುಡುಗನ ಕೈಯಿಂದಲೇ ಜೋಡಿಸಿದರು. ಎಷ್ಟು ಬಿಗಿಯಬೇಕೆಂದು ಅವನ ಮಣಿಕಟ್ಟು ಹಿಡಿದು ತೋರಿಸಿದರು. ಸೋಪಿನ ನೀರು ಬಳಿದು ಇನ್ನೊಮ್ಮೆ ಪರೀಕ್ಷೆ, ಗುಳ್ಳೆಯಿಲ್ಲ. ಪೈಪುಗಳನ್ನು ಮೊದಲಿನಂತೆ ಜೋಡಿಸಿ, ಗಾಳಿ ತೆಗೆದು, ಸೆಲ್ಫ್ ಹೊಡೆದಾಗ ಎಂಜಿನ್ ಹೊತ್ತಿಕೊಂಡಿತು. ಅರ್ಧ ಗಂಟೆ ಹಾಗೆಯೇ ಓಡಲು ಬಿಟ್ಟರು. ಆ ಹೊತ್ತಿಗೆ ಇನ್ನೊಂದು ಸುತ್ತು ಚಹಾ ಬಂತು. ಮೂರೂವರೆಗೆ ವ್ಯಾನು ಶಾಲೆಯ ಗೇಟಿನ ಮುಂದೆ ಎಂದಿನ ಜಾಗದಲ್ಲಿ ನಿಂತಿತ್ತು.

ಈಗ ವಿಚಾರ ಮಾಡಿ. ಭಾನುವಾರ ಸಂಜೆಯಿಂದ ಸೋಮವಾರ ಮಧ್ಯಾಹ್ನದವರೆಗೆ ಆ ವ್ಯಾನಿನ ಕಾಯಿಲೆ ಏನೆಂದು ಬಲ್ಲವನು, ಬಲ್ಲವನಲ್ಲದಿದ್ದರೂ ಅದರ ಸುಳಿವು ಉಳ್ಳವನು, ಒಬ್ಬನೇ ಇದ್ದ. ಅವನು ಬಾಯಿ ಬಿಟ್ಟಿದ್ದರೆ ಭಾನುವಾರವೇ ಕೆಲಸ ಮುಗಿಯುತ್ತಿತ್ತು. ಆಟೊ ಬಾಡಿಗೆ ಉಳಿಯುತ್ತಿತ್ತು. ಏಕೆ ಬಿಡಲಿಲ್ಲ? ಅಪ್ಪ ಕೇಳಿದ್ದು “ಏನು ಕೆಡಿಸಿದೆ?” ಎಂದು. ಉಸ್ತಾದ್ ಕೇಳಿದ್ದು “ಎಲ್ಲೆಲ್ಲಿ ಕೈ ಇಟ್ಟಿರಿ?” ಎಂದು. ಎರಡೂ ಪ್ರಶ್ನೆಗೆ ಬೇಕಾದ ಉತ್ತರ ಒಂದೇ. ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವನು ಅಪರಾಧಿಯಾಗುತ್ತಾನೆ, ಎರಡನೆಯದಕ್ಕೆ ಕೊಟ್ಟವನು ಸಾಕ್ಷಿಯಾಗುತ್ತಾನೆ. ಅಷ್ಟಾದರೂ ಹುಡುಗ ಎರಡನೆಯ ಪ್ರಶ್ನೆಗೂ ಕೂಡಲೇ ಪೂರ್ತಿ ಉತ್ತರ ಕೊಡಲಿಲ್ಲ ಎಂಬುದನ್ನೂ ಗಮನಿಸಬೇಕು. ಒಮ್ಮೆ ಹೊಕ್ಕ ಹೆದರಿಕೆ ಹೊರಗೆ ಹೋಗಲು ಹೊತ್ತು ಹಿಡಿಯುತ್ತದೆ.

ಅಂಕಪಟ್ಟಿ ಮುಂದಿಟ್ಟುಕೊಂಡು “ಯಾಕೆ ಕಡಿಮೆ ತೆಗೆದೆ?” ಎಂದು ಗದರುವ ಮನೆಗಳಲ್ಲೂ ಆಗುವುದು ಇದೇ. ಯಾವ ಪಾಠ ಯಾವ ದಿನದಿಂದ ಅರ್ಥವಾಗದೆ ಹೋಯಿತು ಎಂಬುದು ಮಗುವಿಗೆ ಗೊತ್ತಿರುತ್ತದೆ. ಕೇಳುವ ಬಗೆಯಲ್ಲಿ ಕೇಳಿದರೆ ಹೇಳುತ್ತದೆ. ಇಲ್ಲದಿದ್ದರೆ “ಹೂಂ” ಎನ್ನುತ್ತದೆ. ಆಮೇಲೆ ಟ್ಯೂಷನ್, ಗೈಡು ಎಂದು ಪಂಪು ಬಿಚ್ಚುವ ಖರ್ಚು ತಪ್ಪುವುದಿಲ್ಲ.

ವಿದ್ಯಾರ್ಥಿಗಳು ಕಲಿಯಬೇಕಾದದ್ದೂ ಆ ಗ್ಯಾರೇಜಿನಲ್ಲಿತ್ತು. ಉಸ್ತಾದ್ ಒಂದು ಸಲಕ್ಕೆ ಒಂದನ್ನೇ ಬದಲಿಸಿದರು. ಒಂದೊಂದು ಪರೀಕ್ಷೆಯೂ ದಾರಿಯನ್ನು ಎರಡು ಭಾಗ ಮಾಡಿ, ದೋಷ ಇತ್ತ ಇದೆಯೋ ಅತ್ತ ಇದೆಯೋ ಎಂದು ತೋರಿಸಿತು. ಹುಡುಗ ತಪ್ಪೊಪ್ಪಿಕೊಂಡ ಮೇಲೂ ಅವನ ಮಾತನ್ನು ಸೋಪಿನ ನೀರಿನಲ್ಲಿ ಒರೆಗೆ ಹಚ್ಚಿದರು. ವಿಜ್ಞಾನದ ವಿಧಾನ ಎಂದು ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಗಿರುವುದು ಇದನ್ನೇ.

ಇಂದಿನ ಡೀಸೆಲ್ ಗಾಡಿಗಳಲ್ಲಿ ಕಂಪ್ಯೂಟರ್ ಇದೆ. ಮೆಕ್ಯಾನಿಕ್ ತಂತಿಯೊಂದನ್ನು ಚುಚ್ಚಿದರೆ ದೋಷದ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಇಂಧನದ ಒತ್ತಡ ಮೆಟಡೋರ್ ಕಾಲದ್ದಕ್ಕಿಂತ ಹಲವು ಪಟ್ಟು ಹೆಚ್ಚಾಗಿದೆ, ಹಾಗಾಗಿ ಅಪಾಯವೂ ಹೆಚ್ಚಿದೆ. ಮನೆಯ ಮುಂದೆ ಬಿಚ್ಚಿ ಕೂರುವ ಕೆಲಸವಲ್ಲ. ಆದರೂ ಪರದೆಯ ಮೇಲೆ ಮೂಡುವುದು ಒತ್ತಡ ಸಾಲದು ಎಂಬಷ್ಟೇ ಮಾತು. ಏಕೆ ಸಾಲದು, ಶನಿವಾರ ಓಡುತ್ತಿದ್ದದ್ದು ಭಾನುವಾರ ಏಕೆ ನಿಂತಿತು ಎಂಬುದನ್ನು ಈಗಲೂ ಮನುಷ್ಯನೇ ಕೇಳಬೇಕು.

ಆ ಸಂಜೆ ಮಕ್ಕಳನ್ನು ಬಿಟ್ಟು ಬಂದ ಯಜಮಾನ ಮನೆಯ ಮುಂದೆ ವ್ಯಾನು ನಿಲ್ಲಿಸಿದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು.

“ಏನಾಗಿತ್ತಂತೋ?”

“ಗಾಳಿ ಹೊಕ್ಕಿತ್ತಂತೆ ಅಮ್ಮ.”

“ನಾನು ಬೆಳಿಗ್ಗೆನೇ ಹೇಳಲಿಲ್ವಾ?” ಎಂದು ಅಜ್ಜಿ ಒಳಗೆ ಹೋದರು. ಮಗ ಪುಸ್ತಕ ತೆರೆದು ಕುಳಿತಿದ್ದ. ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಟ್ಯಾಂಕಿನಿಂದ ನಾಜಲ್‌ವರೆಗಿನ ದಾರಿಯನ್ನು ಬರೆದು, ಪ್ರತಿ ಜಾಯಿಂಟಿಗೂ ಒಂದೊಂದು ಸಂಖ್ಯೆ ಹಾಕಿದ್ದ. ಅಪ್ಪ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ಬೆರಳಿಟ್ಟು, “ಇದೇನೋ, ಇಲ್ಲಿ ಒತ್ತಡ ಜಾಸ್ತಿ ಅಂತ ಬರೆದಿದ್ದೀಯ, ಇಲ್ಲಿ ಕಮ್ಮಿ ಅಂತ? ಸ್ವಲ್ಪ ಹೇಳು” ಎಂದ.